ಗಣಿತಸಾರದ ಕರ್ತೃ ಮಹಾವೀರಾಚಾರ್ಯ

ಆಳಂದ ತಾಲ್ಲೂಕಿನಲ್ಲಿ ಹರಿದು ಬರುವ ಅಮರ್ಜಾ ಹೊಳೆಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮಾ ನದಿಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಭೀಮೆಯು ಜೇವರ್ಗಿ ತಾಲ್ಲೂಕಿನ ಅಂಚನ್ನು ಬಳಸಿಕೊಂಡು ಸಾಗುವಾಗ ಅದರ ಎಡದಂಡೆಗೆ ಕಾಗಿಣಾ ನದಿ ಬಂದು ಕೂಡಿಕೊಳ್ಳುತ್ತದೆ. ಈ ಕಾಗಿಣೆಯ ದಂಡೆಯನ್ನು ಹಿಡಿದು ಮೇಲಕ್ಕೆ ಸಾಗಿದರೆ ಸೇಡಂ ತಾಲ್ಲೂಕಿನ ಮಳಖೇಡವೆಂಬ ಊರು ಸಿಗುತ್ತದೆ. ಇಂದು ಅಲ್ಲಿ ಕಾಣುವುದು ಒಂದು ಹಳೆಯ ಕೋಟೆ, ಒಂದು ಬಸದಿ, ಸುತ್ತಲೂ ತೊಗರಿ ಜೋಳದ ಹೊಲಗಳು. ಆದರೆ ಸಾವಿರದ ನೂರು ವರ್ಷಗಳಿಗೂ ಹಿಂದೆ ಇದೇ ಊರು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟ ಸಾಮ್ರಾಜ್ಯದ ರಾಜಧಾನಿಯಾಗಿತ್ತು. ಕಲಬುರಗಿ ಸೀಮೆಯ ನೆಲವೆಲ್ಲ ಆಗ ಆ ಸಾಮ್ರಾಜ್ಯದ ಹೃದಯಭಾಗ. ಆ ಕಾಲದಲ್ಲಿ ಆ ರಾಜ್ಯದಲ್ಲಿ ಬಾಳಿದ ಒಬ್ಬ ಗಣಿತಜ್ಞರ ಹೆಸರನ್ನು ಇಂದು ಗಣಿತದ ಚರಿತ್ರೆಯನ್ನು ಬರೆಯುವವರು ಬಿಡುವಂತಿಲ್ಲ. ಅವರೇ ಮಹಾವೀರಾಚಾರ್ಯರು.

ದೊರೆಗಳ ಚರಿತ್ರೆಯನ್ನು ಬರೆಯಲು ಶಾಸನಗಳುಂಟು, ತಾಮ್ರಪಟಗಳುಂಟು. ಉಪಾಧ್ಯಾಯನ ಚರಿತ್ರೆಗೆ ಅಂತಹ ಆಧಾರವೆಲ್ಲಿಯದು? ಮಹಾವೀರಾಚಾರ್ಯರು ತಮ್ಮ ತಂದೆ ತಾಯಿಗಳ ಹೆಸರನ್ನಾಗಲಿ, ಹುಟ್ಟಿದ ಊರನ್ನಾಗಲಿ, ಗುರುವಿನ ಹೆಸರನ್ನಾಗಲಿ ತಮ್ಮ ಗ್ರಂಥದಲ್ಲಿ ಹೇಳಿಕೊಂಡಿಲ್ಲ. ಅವರು ಜೈನರು, ಅಮೋಘವರ್ಷ ನೃಪತುಂಗನ ಆಳಿಕೆಯಲ್ಲಿ, ಕ್ರಿ. ಶ. ೮೫೦ರ ಸುಮಾರಿನಲ್ಲಿ, ಇದ್ದವರು; ಗಣಿತಸಾರಸಂಗ್ರಹವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದವರು. ಇಷ್ಟು ನಿಶ್ಚಿತ. ಉಳಿದ ಚರಿತ್ರೆಯನ್ನೆಲ್ಲ ನಾವು ಆ ಗ್ರಂಥದಿಂದಲೇ ತಿಳಿಯಬೇಕು. ಬಾಳಿನ ಘಟನೆಗಳು ಅಲ್ಲಿ ಸಿಗುವುದಿಲ್ಲವಾದರೂ ಮನುಷ್ಯನ ಸ್ವಭಾವ ಮಾತ್ರ ಸಿಗುತ್ತದೆ. ಎಷ್ಟೋ ಮಂದಿ ಅರಸರ ವಿಷಯದಲ್ಲಿ ಇದರ ತಿರುವುಮುರುವಾಗಿದೆ.

ನೃಪತುಂಗನು ೮೧೪ರಲ್ಲಿ ಇನ್ನೂ ಬಾಲಕನಾಗಿದ್ದಾಗಲೇ ಸಿಂಹಾಸನವನ್ನೇರಿದನು. ದಂಗೆಗಳನ್ನು ಎದುರಿಸಿ, ನೆರೆಯ ಗಂಗರೊಡನೆಯೂ ವೆಂಗಿಯ ಚಾಲುಕ್ಯರೊಡನೆಯೂ ಕಾದಾಡಿ, ಸುಮಾರು ಅರವತ್ತನಾಲ್ಕು ವರ್ಷ ರಾಜ್ಯವಾಳಿದನು. ಯುದ್ಧಕ್ಕಿಂತ ವಿದ್ಯೆಯ ಕಡೆಗೆ ಅವನ ಮನಸ್ಸು ಹೆಚ್ಚಾಗಿ ಒಲಿದಿತ್ತೆಂಬುದು ಪ್ರಸಿದ್ಧವಾಗಿದೆ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗವು ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಜಿನಸೇನಾಚಾರ್ಯರು ಆದಿಪುರಾಣವನ್ನು ಬರೆದದ್ದು, ಶಾಕಟಾಯನನು ವ್ಯಾಕರಣವನ್ನು ರಚಿಸಿ ಅದರ ವೃತ್ತಿಗೆ ದೊರೆಯ ಹೆಸರನ್ನೇ ಇಟ್ಟದ್ದು ಆ ಕಾಲದಲ್ಲಿಯೇ. ಕಾವ್ಯ, ವ್ಯಾಕರಣ, ಧರ್ಮಶಾಸ್ತ್ರಗಳು ಹೀಗೆ ಬೆಳೆಯುತ್ತಿದ್ದಾಗ ಗಣಿತವೂ ಹಿಂದುಳಿಯಲಿಲ್ಲ. ಮಹಾವೀರಾಚಾರ್ಯರು ತಮ್ಮ ಗ್ರಂಥದ ಆರಂಭದಲ್ಲಿ ತಮ್ಮದೇ ಹೆಸರಿನ ತೀರ್ಥಂಕರನನ್ನು ವಂದಿಸುತ್ತಾರೆ. ಸಂಖ್ಯೆಗಳ ಜ್ಞಾನವೆಂಬ ದೀಪದಿಂದ ಜಗತ್ತನ್ನು ಬೆಳಗಿದವನೆಂದು ಅವನನ್ನು ಕೊಂಡಾಡುತ್ತಾರೆ. ಅನಂತರ ನೃಪತುಂಗನ ರಾಜ್ಯವು ಬೆಳೆಯಲೆಂದು ಹಾರೈಸುತ್ತಾರೆ. ಅಲ್ಲಿಗೆ ರಾಜಸ್ತುತಿ ಮುಗಿಯಿತು. ಮುಂದೆ ಸಾವಿರಕ್ಕೂ ಮಿಕ್ಕಿದ ಶ್ಲೋಕಗಳಲ್ಲಿ ಗಣಿತವೇ ಗಣಿತ.

ಅವರಿಗಿಂತ ಹಿಂದಿನ ಆರ್ಯಭಟ, ಬ್ರಹ್ಮಗುಪ್ತ ಮೊದಲಾದ ಮಹನೀಯರು ಗಣಿತವನ್ನು ಬಹುಮಟ್ಟಿಗೆ ಜ್ಯೋತಿಶ್ಶಾಸ್ತ್ರದ ಒಂದು ಅಂಗವಾಗಿ ಹೇಳಿದ್ದರು. ಗ್ರಹಗಳ ಗತಿಯನ್ನು ಲೆಕ್ಕ ಹಾಕಲು ಎಷ್ಟು ಬೇಕೋ ಅಷ್ಟು ಗಣಿತ ಅವರ ಗ್ರಂಥಗಳ ಒಂದೆರಡು ಅಧ್ಯಾಯಗಳಲ್ಲಿ ಬರುತ್ತಿತ್ತು. ಮಹಾವೀರಾಚಾರ್ಯರು ಗ್ರಹಗಳ ಮಾತನ್ನೇ ಎತ್ತದೆ ಗಣಿತವೊಂದಕ್ಕೇ ಒಂದು ಪೂರ್ಣ ಗ್ರಂಥವನ್ನು ಮೀಸಲಿಟ್ಟರು. ಲೋಕದಲ್ಲಿ ಗಣಿತವಿಲ್ಲದೆ ನಡೆಯುವ ಕೆಲಸವೇ ಇಲ್ಲವೆಂಬುದು ಅವರ ದೃಢವಾದ ನಂಬಿಕೆ. ವ್ಯಾಪಾರಿಗೆ ಮಾತ್ರವಲ್ಲ, ಅಡುಗೆಯವನಿಗೆ, ವೈದ್ಯನಿಗೆ, ಮನೆ ಕಟ್ಟುವ ಶಿಲ್ಪಿಗೆ, ಸಂಗೀತಗಾರನಿಗೆ, ನಾಟಕದವನಿಗೆ, ಛಂದಸ್ಸನ್ನು ಬಲ್ಲ ಕವಿಗೆ ಕೂಡ ಅದು ಬೇಕೆಂದು ಅವರು ಉದ್ದವಾಗಿ ಎಣಿಸಿ ಹೇಳುತ್ತಾರೆ. ಅಷ್ಟೇ ವಿನಯವೂ ಅವರಲ್ಲಿದೆ. ಹಿಂದಿನ ಗುರುಗಳು ಕಂಡ ಅರಿವಿನ ಕಡಲಿನಿಂದ ಒಂದಿಷ್ಟು ಸಾರವನ್ನು ಆಯ್ದು ತಂದೆನೆಂದಷ್ಟೇ ಅವರು ಹೇಳಿಕೊಳ್ಳುತ್ತಾರೆ. ಸಂಗ್ರಹವೆಂಬ ಹೆಸರು ಬಂದದ್ದು ಹಾಗೆ.

ಗ್ರಂಥದಲ್ಲಿ ಒಂಬತ್ತು ಅಧ್ಯಾಯಗಳಿವೆ. ಮೊದಲನೆಯದರಲ್ಲಿ ನೆಲ, ಕಾಲ, ಧಾನ್ಯ, ಚಿನ್ನ, ಬೆಳ್ಳಿಗಳ ಅಳತೆಗಳು; ಆಮೇಲೆ ಗುಣಾಕಾರ ಭಾಗಾಕಾರಗಳು, ಭಿನ್ನರಾಶಿಗಳು, ತ್ರೈರಾಶಿ, ಬಡ್ಡಿ ಮತ್ತು ಹಂಚಿಕೆಯ ಲೆಕ್ಕಗಳು; ಕೊನೆಗೆ ಹೊಲದ ವಿಸ್ತೀರ್ಣ, ತೋಡಿದ ಗುಂಡಿಯ ಘನಫಲ, ನೆರಳನ್ನು ಅಳೆದು ಕಂಬದ ಎತ್ತರವನ್ನು ತಿಳಿಯುವ ಬಗೆ. ನಾವು ಲಕ್ಷ ಕೋಟಿಗಳಲ್ಲಿ ನಿಲ್ಲುತ್ತೇವೆ. ಅವರು ಏಕದಿಂದ ಆರಂಭಿಸಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟು, ಒಂದರ ಮುಂದೆ ೨೩ ಸೊನ್ನೆಗಳಿರುವ ಸ್ಥಾನವನ್ನು ಮಹಾಕ್ಷೋಭವೆಂದು ಕರೆದರು. ಇಷ್ಟು ದೊಡ್ಡ ಸಂಖ್ಯೆ ಯಾರಿಗೆ ಬೇಕಾಗಿತ್ತೆಂದು ಕೇಳಬಹುದು. ಲೋಕದ ವಿಸ್ತಾರವನ್ನೂ ಕಾಲದ ಪರಿಮಾಣವನ್ನೂ ಎಣಿಸಿ ಹೇಳುವುದು ಜೈನಶಾಸ್ತ್ರದ ಒಂದು ಭಾಗವೇ ಆಗಿತ್ತು. ದ್ವೀಪ ಸಮುದ್ರಗಳ ಅಳತೆಯನ್ನು ಹೇಳಹೊರಟವರಿಗೆ ಕೋಟಿ ಸಾಲದೆ ಹೋಯಿತು.

ಸೂತ್ರವನ್ನು ಹೇಳಿ ಕೈತೊಳೆದುಕೊಳ್ಳುವ ಗುರುಗಳು ಅವರಲ್ಲ. ಪ್ರತಿಯೊಂದು ಸೂತ್ರದ ಬೆನ್ನಿಗೂ ಲೆಕ್ಕಗಳ ಸಾಲೇ ಬರುತ್ತದೆ. ಆ ಲೆಕ್ಕಗಳಲ್ಲಿ ಆನೆ, ಹಂಸ, ನವಿಲು, ಕಮಲದ ಕೊಳ, ಮಾವಿನ ತೋಪು ಎಲ್ಲವೂ ಉಂಟು. ಒಂದು ಒಂಟೆಯ ಹಿಂಡಿನ ಲೆಕ್ಕವಿದೆ. ಹಿಂಡಿನ ಕಾಲುಭಾಗ ಕಾಡಿನಲ್ಲಿ ಕಾಣಿಸಿತು. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋಯಿತು. ಮೂರೈದಲ ಹದಿನೈದು ಹೊಳೆಯ ದಂಡೆಯಲ್ಲಿ ಉಳಿದವು. ಹಾಗಾದರೆ ಒಂಟೆಗಳೆಷ್ಟು? ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ಇದನ್ನು ಮಾಡಬಲ್ಲರು. ಒಂಟೆಗಳು ೩೬, ಕಾಡಿನಲ್ಲಿ ೯, ತಪ್ಪಲಿನಲ್ಲಿ ೧೨, ದಂಡೆಯಲ್ಲಿ ೧೫. ಇನ್ನೊಂದು ಲೆಕ್ಕದಲ್ಲಿ ದಾರಿಹೋಕರಿಗೆ ಸಮನಾದ ೬೩ ಬಾಳೆಹಣ್ಣಿನ ರಾಶಿಗಳೂ ಬಿಡಿಯಾಗಿ ೭ ಹಣ್ಣುಗಳೂ ಸಿಗುತ್ತವೆ. ೨೩ ಮಂದಿ ಅವನ್ನೆಲ್ಲ ಸಮನಾಗಿ ಹಂಚಿಕೊಂಡು ಒಂದೂ ಉಳಿಯದಂತೆ ತಿನ್ನುತ್ತಾರೆ. ರಾಶಿಯಲ್ಲಿ ಐದೈದು ಹಣ್ಣುಗಳಿದ್ದರೆ ತಲೆಗೆ ಹದಿನಾಲ್ಕು ಬರುತ್ತದೆ. ಬೇರೆ ಉತ್ತರಗಳೂ ಉಂಟು. ಮೂವರು ವರ್ತಕರು ದಾರಿಯಲ್ಲಿ ಒಂದು ಹಣದ ಚೀಲವನ್ನು ಕಾಣುವ ಲೆಕ್ಕವಂತೂ ಬಹಳ ಸೊಗಸಾಗಿದೆ. ಆ ಚೀಲ ತನಗೆ ಸಿಕ್ಕರೆ ಉಳಿದ ಇಬ್ಬರ ಹಣದ ಎರಡರಷ್ಟು ತನ್ನದಾಗುವುದೆಂದು ಒಬ್ಬನು, ಮೂರರಷ್ಟೆಂದು ಮತ್ತೊಬ್ಬನು, ಐದರಷ್ಟೆಂದು ಮೂರನೆಯವನು ಹೇಳುತ್ತಾರೆ. ಅವರ ಕೈಯಲ್ಲಿ ಕ್ರಮವಾಗಿ ೧, ೩, ೫ ನಾಣ್ಯಗಳೂ ಚೀಲದಲ್ಲಿ ೧೫ ನಾಣ್ಯಗಳೂ ಇದ್ದರೆ ಮೂವರ ಮಾತೂ ನಿಜವಾಗುತ್ತದೆ. ಲೆಕ್ಕವನ್ನು ಬಿಡಿಸುವವನನ್ನು ಅವರು ಮಿತ್ರನೆಂದೂ ಗಣಿತವನ್ನು ಬಲ್ಲವನೆಂದೂ ಕರೆದು ಪ್ರಶ್ನೆ ಕೇಳುತ್ತಾರೆ. ಮಕ್ಕಳ ಮನಸ್ಸನ್ನು ಬಲ್ಲ ಉಪಾಧ್ಯಾಯರಿಗೆ ಮಾತ್ರ ಈ ರೀತಿ ತಿಳಿದಿರುತ್ತದೆ.

ಗುಣಾಕಾರದಲ್ಲಿ ಕೂಡ ಅವರಿಗೆ ಒಂದು ವಿನೋದ. ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ೧೧೧೧೧೧೧೧೧ ಬರುತ್ತದೆ. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧ ಬರುತ್ತದೆ. ಅದನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂತಹ ಗುಣಲಬ್ಧಗಳನ್ನು ಅವರು ಕೊರಳಿನ ಹಾರಗಳೆಂದು ಬಣ್ಣಿಸಿದ್ದಾರೆ. ಒಂದನ್ನು ಬೇರೆ ಬೇರೆ ಛೇದಗಳುಳ್ಳ, ಒಂದೇ ಅಂಶವುಳ್ಳ ಭಿನ್ನರಾಶಿಗಳಾಗಿ ಒಡೆಯುವ ಸೂತ್ರವೂ ಅವರಲ್ಲಿದೆ. ಒಂದರಿಂದ ಆರಂಭಿಸಿ ಮೂರು ಮೂರು ಪಟ್ಟು ಮಾಡುತ್ತ ಹೋಗಿ, ಮೊದಲನೆಯದನ್ನು ಎರಡರಿಂದಲೂ ಕೊನೆಯದನ್ನು ಮೂರನೆಯ ಎರಡರಿಂದಲೂ ಗುಣಿಸಬೇಕು. ೧, ೩, ೯, ೨೭ ಎಂಬುವು ಹೀಗೆ ೨, ೩, ೯, ೧೮ ಆಗುತ್ತವೆ. ಎರಡನೆಯ ಒಂದು, ಮೂರನೆಯ ಒಂದು, ಒಂಬತ್ತನೆಯ ಒಂದು, ಹದಿನೆಂಟನೆಯ ಒಂದು, ಇವನ್ನು ಕೂಡಿದರೆ ಸರಿಯಾಗಿ ಒಂದಾಗುತ್ತದೆ. ಭಿನ್ನರಾಶಿಗಳನ್ನು ಕೂಡುವಾಗ ಛೇದಗಳ ಲ. ಸಾ. ಅ. ತೆಗೆದುಕೊಳ್ಳುವ ಕ್ರಮವನ್ನು ನಾವು ಇಂದು ಶಾಲೆಯಲ್ಲಿ ಕಲಿಯುತ್ತೇವೆ. ಅದನ್ನು ಅವರು ನಿರುದ್ಧವೆಂದು ಹೆಸರಿಟ್ಟು ಆಗಲೇ ಕಲಿಸಿದ್ದರು.

ಇಷ್ಟೆಲ್ಲ ಹೇಳಿದ ಮೇಲೆ ಅವರು ಎಡವಿದ ಕಡೆಗಳನ್ನೂ ಹೇಳಬೇಕು. ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆಯಾಗುವುದೆಂದು ಅವರು ಸರಿಯಾಗಿಯೇ ಹೇಳಿದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲವೆಂದದ್ದು ಮಾತ್ರ ತಪ್ಪು. ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲವೆಂದು ಇಂದಿನ ಗಣಿತ ಹೇಳುತ್ತದೆ. ಆಯತವೃತ್ತವೆಂದು ಅವರು ಕರೆದ ದೀರ್ಘವೃತ್ತದ ಸುತ್ತಳತೆಗೆ ಕೊಟ್ಟ ಸೂತ್ರ ನಿಜಕ್ಕೆ ಬಹಳ ಹತ್ತಿರವಾಗಿದೆ. ವಿಸ್ತೀರ್ಣದ ಸೂತ್ರ ಸರಿಯಿಲ್ಲ. ಹೀಗಿದ್ದರೂ ಋಣಸಂಖ್ಯೆಯು ಯಾವ ಸಂಖ್ಯೆಯ ವರ್ಗವೂ ಆಗಲಾರದಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅವರು ಅನುಮಾನವಿಲ್ಲದೆ ಹೇಳಿದ್ದನ್ನು ಮರೆಯಬಾರದು. ಆ ವಿಷಯದಲ್ಲಿ ಹೊಸ ಬಗೆಯ ಸಂಖ್ಯೆಗಳನ್ನು ಕಲ್ಪಿಸುವ ಯೋಚನೆ ಯೂರೋಪಿನಲ್ಲಿ ಹುಟ್ಟಿದ್ದು ಏಳುನೂರು ವರ್ಷಗಳಾದ ಮೇಲೆ.

ಅವರ ಸೂತ್ರಗಳಲ್ಲೆಲ್ಲ ದೂರ ಸಾಗಿ ಬಂದದ್ದು ವಿಕಲ್ಪಗಳ ಸೂತ್ರವೆಂದು ನನಗೆ ತೋರುತ್ತದೆ. ರುಚಿಗಳು ಆರು: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ. ಇವುಗಳಲ್ಲಿ ಒಂದೊಂದನ್ನೇ, ಎರಡೆರಡನ್ನು, ಮೂರು ಮೂರನ್ನು ಬೆರೆಸುತ್ತ ಹೋದರೆ ಎಷ್ಟು ಬಗೆಯ ರುಚಿಗಳಾಗುತ್ತವೆ? ಯುಗಾದಿಯ ದಿನ ಬೇವು ಬೆಲ್ಲವನ್ನು ಬೆರೆಸುವ ನಾವು ಎರಡು ರುಚಿಗಳ ಒಂದು ವಿಕಲ್ಪವನ್ನು ಮಾಡುತ್ತೇವೆ. ಅಂತಹ ಜೋಡಿಗಳೆಷ್ಟು? ಬೆರಳು ಮಡಿಸಿ ಎಣಿಸಬೇಕಾಗಿಲ್ಲ. ಆರರಿಂದ ಇಳಿಯುತ್ತ ೬, ೫, ೪ ಎಂದು ಮೇಲೆ ಬರೆ, ಒಂದರಿಂದ ಏರುತ್ತ ೧, ೨, ೩ ಎಂದು ಕೆಳಗೆ ಬರೆ, ಎಷ್ಟನ್ನು ಆರಿಸಬೇಕೋ ಅಷ್ಟು ಸ್ಥಾನಗಳವರೆಗೆ ಮೇಲಿನವನ್ನು ಗುಣಿಸಿ ಕೆಳಗಿನವುಗಳ ಗುಣಲಬ್ಧದಿಂದ ಭಾಗಿಸು ಎಂಬುದು ಅವರ ಸೂತ್ರದ ತಾತ್ಪರ್ಯ. ಎರಡೆರಡಾಗಿ ಆರಿಸಿದರೆ ಮೂವತ್ತನ್ನು ಎರಡರಿಂದ ಭಾಗಿಸಿ ೧೫. ಮೂರು ಮೂರಾಗಿ ಆರಿಸಿದರೆ ೨೦. ಎಲ್ಲವನ್ನೂ ಕೂಡಿದರೆ ೬೩. ವಸ್ತುಗಳು ಎಷ್ಟೇ ಇರಲಿ, ಆರಿಸುವುದು ಎಷ್ಟೇ ಇರಲಿ, ಸೂತ್ರ ಒಂದೇ. ಇದನ್ನು ಇಷ್ಟು ಸಾಮಾನ್ಯವಾದ ರೂಪದಲ್ಲಿ ಹೇಳಿದವರಲ್ಲಿ ಅವರು ಬಹು ಹಿಂದಿನವರು.

ಈ ಸೂತ್ರ ಇಂದು ಎಲ್ಲಿ ಕೆಲಸ ಮಾಡುತ್ತಿದೆಯೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಶಾಲೆಯ ಭೂಗೋಲವನ್ನು ತಿರುಗಿಸಿದಾಗ ಅದರ ಮೇಲಿನ ಊರುಗಳೆಲ್ಲ ಸುತ್ತುತ್ತವೆ. ಎರಡು ಧ್ರುವಬಿಂದುಗಳು ಮಾತ್ರ ಇದ್ದಲ್ಲಿಯೇ ಇರುತ್ತವೆ. ಆಕೃತಿಯೊಂದನ್ನು ಚಲಿಸಿದಾಗ ಕದಲದೆ ಉಳಿಯುವ ಬಿಂದುಗಳಲ್ಲಿ ಆ ಆಕೃತಿಯ ಅನೇಕ ರಹಸ್ಯಗಳು ಅಡಗಿರುತ್ತವೆಂದು ಜ್ಯಾಮಿತಿಯ ವಿದ್ವಾಂಸರು ಕಂಡುಕೊಂಡಿದ್ದಾರೆ. ಇದಕ್ಕಿಂತ ವಿಚಿತ್ರವಾದ ಆಕೃತಿಗಳೂ ಉಂಟು. ಅವುಗಳಲ್ಲಿ ಒಂದೊಂದು ಬಿಂದುವೂ ಒಂದೊಂದು ರೇಖೆಯನ್ನೋ ವಕ್ರವನ್ನೋ ಸೂಚಿಸುತ್ತದೆ; ಹೀಗೆ ರೇಖೆಗಳೆಲ್ಲ ಸೇರಿ ಒಂದು ಲೋಕವಾಗುತ್ತದೆ. ಇಂತಹ ಲೋಕಗಳಿಗೆ ಮಾಡ್ಯುಲೈ ಎಂಬ ಹೆಸರಿದೆ. ಆ ಮಾತನ್ನು ಬಳಕೆಗೆ ತಂದವನು ಜರ್ಮನಿಯ ರೀಮಾನ್, ೧೮೫೭ರಲ್ಲಿ. ನಮ್ಮ ದೇಶದ ಎಂ. ಎಸ್. ನರಸಿಂಹನ್ ಮತ್ತು ಸಿ. ಎಸ್. ಶೇಷಾದ್ರಿ ಅವರು ೧೯೬೫ರಲ್ಲಿ ಪ್ರಕಟಿಸಿದ ಪ್ರಮೇಯವು ಈ ವಿಷಯದಲ್ಲಿ ಜಗತ್ಪ್ರಸಿದ್ಧವಾಗಿದೆ. ನರಸಿಂಹನ್ ಅವರು ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದು ೨೦೨೧ರಲ್ಲಿ ಅಲ್ಲಿಯೇ ತೀರಿಕೊಂಡರು.

ಈಗ ಒಂದು ಪ್ರಶ್ನೆ. ಬಯಲಿನಲ್ಲಿ ಹೇಗೆಂದರೆ ಹಾಗೆ ನಾಲ್ಕು ನೇರ ರೇಖೆಗಳಿವೆಯೆಂದು ಭಾವಿಸಿರಿ. ಆ ನಾಲ್ಕನ್ನೂ ಮುಟ್ಟಿಹೋಗುವ ರೇಖೆಗಳೆಷ್ಟು? ಉತ್ತರ ಎರಡು. ಹತ್ತೊಂಬತ್ತನೆಯ ಶತಮಾನದಲ್ಲಿ ಹರ್ಮನ್ ಶೂಬರ್ಟ್ ಎಂಬ ಜರ್ಮನ್ ಉಪಾಧ್ಯಾಯನು ಇಂತಹ ಎಣಿಕೆಗಳಿಗಾಗಿಯೇ ಒಂದು ಶಾಸ್ತ್ರವನ್ನು ಕಟ್ಟಿದನು. ೧೮೭೯ರಲ್ಲಿ ಅವನ ಗ್ರಂಥ ಹೊರಬಂತು. ಅದೇ ಉತ್ತರವನ್ನು ಪಡೆಯಲು ಇನ್ನೊಂದು ದಾರಿಯೂ ಉಂಟು. ಮೂರು ಮೂಲೆಯ ತಳದ ಮೇಲೆ ನಾಲ್ಕನೆಯ ಮೂಲೆಯನ್ನು ನಿಲ್ಲಿಸಿದ ಒಂದು ಗೋಪುರವನ್ನು ಕಲ್ಪಿಸಿಕೊಳ್ಳಿರಿ. ಅದರ ನಾಲ್ಕು ಮೂಲೆಗಳನ್ನು ಮಾತ್ರ ಕದಲಿಸದೆ ಉಳಿದ ಬಿಂದುಗಳನ್ನೆಲ್ಲ ಹಲವು ದಿಕ್ಕಿಗೆ ಸರಿಸುವ ಒಂದು ಚಲನೆಯಿದೆ. ಆಗ ರೇಖೆಗಳೆಲ್ಲ ಜಾಗ ಬಿಡುತ್ತವೆ. ಎರಡೆರಡು ಮೂಲೆಗಳನ್ನು ಸೇರಿಸುವ ಗೋಪುರದ ಅಂಚುಗಳು ಮಾತ್ರ ಉಳಿಯುತ್ತವೆ. ಅವು ಎಷ್ಟು? ನಾಲ್ಕು ಮೂಲೆಗಳಲ್ಲಿ ಎರಡನ್ನು ಆರಿಸುವ ವಿಕಲ್ಪಗಳು, ಎಂದರೆ ೬. ಕದಲದ ಆ ಆರು ಅಂಚುಗಳಲ್ಲಿ ಒಂದೊಂದು ಪುಟ್ಟ ಲೆಕ್ಕವನ್ನು ಮಾಡಿ ಕೂಡಿದರೆ ಎರಡೆಂಬ ಉತ್ತರ ತಾನಾಗಿಯೇ ಹೊರಡುತ್ತದೆ. ಈ ವಿಧಾನವನ್ನು ವ್ಯಾಪಕವಾಗಿ ನಿರೂಪಿಸಿದವರಲ್ಲಿ ಮೈಕೆಲ್ ಅತಿಯಾ ಮತ್ತು ರಾವುಲ್ ಬಾಟ್ ಮುಖ್ಯರು. ಅವರ ಪ್ರಬಂಧ ೧೯೮೪ರದು. ನಾಲ್ಕರ ಬದಲು ಎಷ್ಟೇ ದಿಕ್ಕುಗಳಿರಲಿ, ಎರಡರ ಬದಲು ಎಷ್ಟನ್ನೇ ಆರಿಸಲಿ, ಕದಲದ ಬಿಂದುಗಳನ್ನು ಎಣಿಸಿಕೊಡುವುದು ಆರು ರುಚಿಗಳನ್ನು ಎಣಿಸಿದ ಸೂತ್ರವೇ. ಇದೆಲ್ಲವನ್ನೂ ಮಹಾವೀರಾಚಾರ್ಯರು ಆಗಲೇ ಕಂಡಿದ್ದರೆಂದು ಹೇಳಿಬಿಡುವುದು ಅವರಿಗೆ ಗೌರವ ತರುವ ಮಾತಲ್ಲ. ಅವರು ರುಚಿಗಳನ್ನೂ ರತ್ನಗಳನ್ನೂ ಎಣಿಸಿದರು. ಎಣಿಕೆ ಸರಿಯಾಗಿದ್ದುದರಿಂದ ಅದು ಅವರು ಕಾಣದ ಲೋಕದಲ್ಲಿಯೂ ಸಲ್ಲುತ್ತಿದೆ.

ಮಾನ್ಯಖೇಟವು ಬಹುಕಾಲ ಹಾಗೆಯೇ ಉಳಿಯಲಿಲ್ಲ. ೯೭೨ರಲ್ಲಿ ಮಾಳವದ ಪರಮಾರ ದೊರೆ ಸೀಯಕನು ದಂಡೆತ್ತಿ ಬಂದು ಪಟ್ಟಣವನ್ನು ಸೂರೆ ಮಾಡಿದನು. ಮರುವರ್ಷವೇ ರಾಷ್ಟ್ರಕೂಟರ ಆಳಿಕೆ ಕೊನೆಗೊಂಡು ರಾಜ್ಯವು ಚಾಲುಕ್ಯ ತೈಲಪನ ಕೈ ಸೇರಿತು. ಅರಮನೆ, ಭಂಡಾರಗಳು ಹೋದುವು. ಗಣಿತಸಾರಸಂಗ್ರಹ ಹೋಗಲಿಲ್ಲ. ಅದನ್ನು ಕಾಯಲು ಕೋಟೆ ಬೇಕಾಗಿರಲಿಲ್ಲ. ಬಾಯಿಪಾಠ ಮಾಡುವ ಶಿಷ್ಯರೂ ಓಲೆಯ ಮೇಲೆ ಕಂಠದಿಂದ ಕೊರೆಯುವ ಲಿಪಿಕಾರರೂ ಸಾಕಾಗಿದ್ದರು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ಬರೆಯುವ ಹೊತ್ತಿಗೆ ಈ ನಾಡಿನಲ್ಲಿ ಗಣಿತದ ಓದು ಬೇರೂರಿತ್ತು.

ಆಮೇಲೆ ಶತಮಾನಗಳವರೆಗೆ ಗ್ರಂಥವು ಓಲೆಗಳಲ್ಲಿಯೇ ಮಲಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಹುಡುಕಿ ಕೂಡಿಸಿದರು. ಅವುಗಳಲ್ಲಿ ಕನ್ನಡ ಲಿಪಿಯ ಓಲೆಗರಿಗಳಿದ್ದುವು. ಒಂದು ಪ್ರತಿ ಮೂಡಬಿದಿರೆಯ ಜೈನ ಭಂಡಾರದಿಂದ ಬಂತು. ಅವರು ಪಾಠವನ್ನು ತಿದ್ದಿ, ಇಂಗ್ಲಿಷಿಗೆ ಅನುವಾದಿಸಿ, ೧೯೧೨ರಲ್ಲಿ ಮದರಾಸು ಸರಕಾರದ ಮೂಲಕ ಅಚ್ಚು ಹಾಕಿಸಿದರು. ಅದಕ್ಕೆ ಅಮೆರಿಕದ ಗಣಿತ ಚರಿತ್ರಕಾರ ಡೇವಿಡ್ ಯೂಜಿನ್ ಸ್ಮಿತ್ ಪೀಠಿಕೆ ಬರೆದನು. ನೃಪತುಂಗನ ನಾಡಿನ ಮಾತಿಗೆ ಅದು ಬರಲು ಇನ್ನೂ ಕಾಲ ಹಿಡಿಯಿತು. ಪದ್ಮಾವತಮ್ಮನವರ ಕನ್ನಡ ಅನುವಾದದೊಡನೆ ಆ ಗ್ರಂಥವು ೨೦೦೦ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ಒಂಟೆಗಳ ಲೆಕ್ಕವನ್ನೂ ವರ್ತಕರ ಚೀಲದ ಲೆಕ್ಕವನ್ನೂ ಈಗ ಕನ್ನಡದಲ್ಲಿಯೇ ಓದಿ ಬಿಡಿಸಬಹುದು.